ಗೋವಾದಿಂದ ಬಳ್ಳಾರಿಗೆ ಮರಳುವಾಗ ಹಕ್ಕಿಗಳನ್ನು ಎಲ್ಲಿ ನೋಡಬಹುದು?

ನಮಸ್ಕಾರ. ಡಿಸೆಂಬರಿನಲ್ಲಿ ಗೋವಾ ಪ್ರವಾಸ ಮುಗಿಸಿ ಹುಬ್ಬಳ್ಳಿ, ಗದಗ, ಕೊಪ್ಪಳದ ಮಾರ್ಗವಾಗಿ ಬಳ್ಳಾರಿಗೆ ಮರಳುವಾಗ ಮಕ್ಕಳಿಗೆ ಹಕ್ಕಿ ತೋರಿಸಲು ಎಲ್ಲಿ ನಿಲ್ಲಬಹುದೆಂದು ಕೇಳಿದ್ದೀರಿ. ಹುಬ್ಬಳ್ಳಿಯಲ್ಲಿ ತಂಗಿ ನಸುಕಿನಲ್ಲೇ ಹೊರಡುವುದಾದರೆ, ಗದಗದಿಂದ ಸುಮಾರು 26 ಕಿಲೋಮೀಟರ್ ದೂರದ ಮಾಗಡಿ ಕೆರೆಯನ್ನು ಖಂಡಿತ ಬಿಡಬೇಡಿ. ದಾರಿ ಸ್ವಲ್ಪ ಸುತ್ತಾದರೂ ಚಿಂತೆಯಿಲ್ಲ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲಿನ ಹೊಲಗಳಲ್ಲಿ ಮೇದು, ಬಿಸಿಲೇರುತ್ತಿದ್ದಂತೆ ಗುಂಪುಗುಂಪಾಗಿ ಕೂಗುತ್ತ ನೀರಿಗಿಳಿಯುತ್ತವೆ. ಬಿಳಿಯ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆಗಳಿರುವುದರಿಂದ ಮಕ್ಕಳೂ ಅವುಗಳನ್ನು ಸುಲಭವಾಗಿ ಗುರುತಿಸಬಲ್ಲರು. 2024ರಲ್ಲಿ ಈ ಕೆರೆಗೆ ರಾಮ್ಸಾರ್ ಮಾನ್ಯತೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ಮನ್ನಣೆ, ದೊರೆತಿದೆ.

ಮುನಿರಾಬಾದಿನ ಬಳಿ ತುಂಗಭದ್ರಾ ಜಲಾಶಯದ ನೋಟಕ್ಕೆ ಹತ್ತು ನಿಮಿಷ ಸಾಕು. ಉಳಿಸಿದ ಸಮಯವನ್ನು, ಹೊಸಪೇಟೆಯಿಂದ ಕಮಲಾಪುರದ ದಾರಿ ಹಿಡಿದು, ದರೋಜಿ ಕರಡಿಧಾಮಕ್ಕೆ ಕೊಡಿ. ಅಲ್ಲಿ ಪ್ರವೇಶ ಮಧ್ಯಾಹ್ನದ ನಂತರವೇ ಆದ್ದರಿಂದ ನಿಮ್ಮ ವೇಳೆಗೂ ಅದು ಹೊಂದುತ್ತದೆ. ಸಿಬ್ಬಂದಿ ಬಂಡೆಗಳಿಗೆ ಬಳಿದ ಬೆಲ್ಲದ ಪಾಕವನ್ನು ನೆಕ್ಕಲು ಬರುವ ಕರಡಿಗಳನ್ನಷ್ಟೇ ನೋಡಿ ನಮ್ಮ ಜನ ಹಿಂದಿರುಗುತ್ತಾರೆ. ಆದರೆ ಅದೇ ಬಂಡೆಗಳ ಸುತ್ತ ನವಿಲು, ಗೌಜಲಕ್ಕಿಗಳು ಓಡಾಡುತ್ತವೆ, ಮತ್ತು ದಕ್ಷಿಣದ ಕಲ್ಲುಗುಡ್ಡಗಳಲ್ಲಿ ಮಾತ್ರ ಬದುಕುವ ಹಳದಿ ಕೊರಳಿನ ಪಿಕಳಾರವೂ ಅಲ್ಲಿದೆ. ವೀಕ್ಷಣಾ ಗೋಪುರದಿಂದ ಬಂಡೆಗಳು ದೂರವಿರುವುದರಿಂದ ದುರ್ಬೀನನ್ನು ಮರೆಯದೆ ತನ್ನಿ.