ಹಾರ್ಟ್ ಫೇಲ್ಯೂರ್ ಆದ ಅಮ್ಮ ಎಕ್ಸರ್‌ಸೈಜ್ ಮಾಡಬಹುದಾ?

ಪ್ರಶ್ನೆ: ನಮ್ಮಮ್ಮಂಗೆ 74 ವರ್ಷ. ಹಾರ್ಟ್ ಫೇಲ್ಯೂರ್ (ಹೃದಯಕ್ಕೆ ರಕ್ತ ಪಂಪ್ ಮಾಡೋ ಶಕ್ತಿ ಕುಗ್ಗಿದೆ) ಅಂತ ಅಡ್ಮಿಟ್ ಮಾಡಿದ್ವಿ, ಮನೆಗೆ ಬಂದು ಮೂರು ವಾರ ಆಯ್ತು. ಕಾಲಿನ ಊತ ಇಳಿದಿದೆ, ಆದ್ರೆ ಬಾತ್‌ರೂಮಿಗೆ ಹೋಗಿ ಬಂದ್ರೂ ಏದುಸಿರು. ಎಕೋದಲ್ಲಿ (ಹೃದಯದ ಸ್ಕ್ಯಾನ್) ಇಎಫ್, ಅಂದ್ರೆ ಹೃದಯ ಒಂದು ಬಡಿತಕ್ಕೆ ಹೊರಗೆ ತಳ್ಳೋ ರಕ್ತದ ಪಾಲು, 30 ಪರ್ಸೆಂಟ್ ಅಂತಿದೆ. ಡಾಕ್ಟ್ರು ನಿಧಾನಕ್ಕೆ ಎಕ್ಸರ್‌ಸೈಜ್ ಶುರು ಮಾಡಿ ಅಂದ್ರು, ನಮಗೆ ಭಯ, ಸುಮ್ನೆ ಮಲ್ಕೊಂಡಿರಮ್ಮ ಅಂತಿದೀವಿ. ತಪ್ಪಾ?

ಉತ್ತರ: ಭಯ ಆಗೋದು ಸಹಜ, ಆದ್ರೆ ದಯವಿಟ್ಟು ಅವರನ್ನ ಮಲಗಿಸಿಡಬೇಡಿ. ಒಂದು ಕಾಲದಲ್ಲಿ ಡಾಕ್ಟ್ರುಗಳೇ ಬೆಡ್ ರೆಸ್ಟ್ ಬರೀತಿದ್ರು, ಈಗ ಸ್ಟೇಬಲ್ ಆಗಿರೋರಿಗೆ ಹಾಗೆ ಹೇಳಲ್ಲ. ಈ ವಯಸ್ಸಲ್ಲಿ ಕೆಲವು ದಿನ ಮಂಚ ಹಿಡಿದ್ರೂ ಸಾಕು ತೊಡೆಯ ಸ್ನಾಯು ಕರಗುತ್ತೆ, ಸೊರಗಿದ ಸ್ನಾಯು ರಕ್ತದಲ್ಲಿ ಬಂದ ಆಕ್ಸಿಜನ್ನನ್ನೂ ಸರಿಯಾಗಿ ಬಳಸ್ಕೊಳ್ಳಲ್ಲ, ಹಾಗಾಗಿ ಅಮ್ಮನ ಏದುಸಿರಿಗೆ ಹೃದಯದ ಜೊತೆ ಕಾಲುಗಳೂ ಕಾರಣ ಇರಬಹುದು. ಇಎಫ್ ನಂಬರ್ ನೋಡಿ ಹೆದರಬೇಡಿ, ಒಂದೇ ಇಎಫ್ ಇರೋ ಇಬ್ಬರಲ್ಲಿ ಒಬ್ಬರು ಆರಾಮಾಗಿ ಓಡಾಡ್ತಾರೆ, ಇನ್ನೊಬ್ಬರಿಗೆ ನಾಲ್ಕು ಹೆಜ್ಜೆಗೇ ಸುಸ್ತು.

ಅಮೆರಿಕದಲ್ಲಿ ನಿಮ್ಮಮ್ಮನ ಥರಾನೇ ಹಾರ್ಟ್ ಫೇಲ್ಯೂರ್‌ಗೆ ಅಡ್ಮಿಟ್ ಆಗಿದ್ದ, 60 ದಾಟಿದ 349 ಜನರ ಮೇಲೆ ಮಾಡಿದ ರಿಹ್ಯಾಬ್-ಎಚ್‌ಎಫ್ ಅಧ್ಯಯನ 2021ರಲ್ಲಿ ಬಂತು. ಬಲ, ಬ್ಯಾಲೆನ್ಸ್, ಓಡಾಟ, ದಮ್ಮು, ಈ ನಾಲ್ಕನ್ನೂ ಸೇರಿಸಿ ಟ್ರೈನಿಂಗ್ ಪಡೆದವರು ಮೂರು ತಿಂಗಳಲ್ಲಿ ಎದ್ದು ಕೂತು ನಡೆಯೋದ್ರಲ್ಲಿ ಚೆನ್ನಾಗಿ ಸುಧಾರಿಸಿದ್ರು. ಮತ್ತೆ ಅಡ್ಮಿಟ್ ಆಗೋದು ಮಾತ್ರ ಹೇಳಿಕೊಳ್ಳುವಷ್ಟು ಕಮ್ಮಿ ಆಗ್ಲಿಲ್ಲ. ಆದ್ರೂ ಇನ್ನೊಬ್ಬರ ಕೈ ಹಿಡೀದೆ ತಾವೇ ಬಾತ್‌ರೂಮಿಗೆ ಹೋಗೋದು ಈ ವಯಸ್ಸಲ್ಲಿ ಸಣ್ಣ ವಿಷಯ ಅಲ್ಲ ಅಂತ ನನ್ನ ಅಭಿಪ್ರಾಯ.

ಶುರು ಮಾಡೋದು ಕುರ್ಚಿಯಿಂದ. ಗಟ್ಟಿ ಕುರ್ಚಿ ಗೋಡೆಗೆ ಒತ್ತಿಡಿ, ಅಮ್ಮ ಅಂಚಿಗೆ ಬಂದು ಪಾದ ಸ್ವಲ್ಪ ಹಿಂದಕ್ಕೆಳೆದು ಪೂರ್ತಿ ನೆಲಕ್ಕೂರಲಿ, ಮುಂದಕ್ಕೆ ಬಾಗಿ ಉಸಿರು ಬಿಡ್ತಾ ಏಳಲಿ, ಉಸಿರು ಬಿಗಿಹಿಡಿಯೋದು ಬೇಡ, ಕೂರುವಾಗ ದೊಪ್ಪಂತ ಬೀಳದೆ ನಿಧಾನಕ್ಕೆ ಇಳೀಲಿ. ಆದಷ್ಟು ಸಲ, ಐದೇ ಆದ್ರೂ ಸಾಕು. ಮೊದಮೊದಲು ಕೈಯೂರಿ ಎದ್ರೂ ಪರ್ವಾಗಿಲ್ಲ, ನೀವು ಪಕ್ಕದಲ್ಲಿರಿ. ಆಮೇಲೆ ಮನೆಯೊಳಗೇ ಎರಡು-ಮೂರು ನಿಮಿಷ ನಡಿಗೆ, ದಿನಕ್ಕೆ ಎರಡು-ಮೂರು ಸಲ, ಒಗ್ಗಿದ ಹಾಗೆ ಒಂದೊಂದೇ ನಿಮಿಷ ಜಾಸ್ತಿ ಮಾಡಿ. ನಡೀತಾ ಒಂದು ವಾಕ್ಯ ಪೂರ್ತಿ ಹೇಳೋಕಾದ್ರೆ ವೇಗ ಸರಿ ಇದೆ, ಮಾತು ತುಂಡಾದ್ರೆ ಕಮ್ಮಿ ಮಾಡಿ. ಬೀಟಾ ಬ್ಲಾಕರ್ (ಹೃದಯ ಬಡಿತ ನಿಧಾನ ಮಾಡೋ ಮಾತ್ರೆ) ತಗೊಳ್ತಿದ್ರೆ ನಾಡಿ ಅಷ್ಟಾಗಿ ಏರಲ್ಲ, ನಾಡಿ ಲೆಕ್ಕವನ್ನ ನಂಬಿ ಕೂರಬೇಡಿ.

ದಿನಾ ಬೆಳಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ ತೂಕ ನೋಡಿ ಬರೆದಿಡಿ. ಮೂರು ದಿನದಲ್ಲಿ 2 ಕೆಜಿ ಏರಿದ್ರೆ, ಊತ ಮತ್ತೆ ಬಂದ್ರೆ, ರಾತ್ರಿ ಮಲಗಿದಾಗ ಉಸಿರಾಡೋಕೆ ದಿಂಬು ಜಾಸ್ತಿ ಬೇಕು ಅಂದ್ರೆ ಅವತ್ತು ಎಕ್ಸರ್‌ಸೈಜ್ ಬಿಟ್ಟು ಡಾಕ್ಟ್ರಿಗೆ ಫೋನ್ ಮಾಡಿ. ನಡೆಯುವಾಗ ಎದೆನೋವು, ಕಣ್ಣು ಕತ್ತಲೆ, ಜೋರಾಗಿ ಎದೆ ಬಡಿತ ಬಂದ್ರೆ ಅಲ್ಲೇ ಕೂರಿಸಿ, ಕೂತ ಮೇಲೂ ಕಮ್ಮಿ ಆಗದಿದ್ರೆ ತಡ ಮಾಡದೆ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಮುಂದಿನ ಚೆಕಪ್‌ನಲ್ಲಿ ಕಾರ್ಡಿಯಾಕ್ ರಿಹ್ಯಾಬ್‌ಗೆ (ಹೃದಯದ ರೋಗಿಗಳಿಗೆ ತಜ್ಞರ ಎದುರಲ್ಲಿ ಎಕ್ಸರ್‌ಸೈಜ್ ಮಾಡಿಸೋ ವ್ಯವಸ್ಥೆ) ಬರೆದುಕೊಡಿ ಅಂತ ನೀವಾಗೇ ಕೇಳಿ, ಶುರುವಿನ ಕೆಲವು ಸಲ ಫಿಸಿಯೋಥೆರಪಿಸ್ಟ್ ಎದುರಲ್ಲೇ ಮಾಡಿದ್ರೆ ಅಮ್ಮಂಗೂ ಧೈರ್ಯ, ನಿಮಗೂ ಧೈರ್ಯ.