ಮಣ್ಣಿನ ಸೂಕ್ಷ್ಮಜೀವಿಗಳ ನಡುವೆ ರಸಾಯನವಿಜ್ಞಾನಿಗೇನು ಕೆಲಸ?

ಪ್ರಶ್ನೆ: ನಾನು ಸಾವಯವ ರಸಾಯನವಿಜ್ಞಾನದ ಎಂ.ಎಸ್ಸಿ. ಎರಡನೇ ವರ್ಷದಲ್ಲಿದ್ದೇನೆ, ಊರು ಯಾದಗಿರಿ ಜಿಲ್ಲೆ. ಮಣ್ಣಿನ ಸೂಕ್ಷ್ಮಜೀವಿಗಳಿಂದ ಔಷಧ ಹುಡುಕುವ ಸಂಶೋಧನೆಗೆ ಹೋಗಬೇಕೆಂಬ ಆಸೆಯಿದೆ. ಆದರೆ ‘ಅದು ಮೈಕ್ರೋಬಯಾಲಜಿಯವರ ಕೆಲಸ, ಅವರು ಕೊಟ್ಟ ಪುಡಿಯ ರಚನೆ ಬಿಡಿಸುತ್ತ ಕೂರಬೇಕಾಗುತ್ತದೆ ಅಷ್ಟೆ’ ಎಂದು ಹಿರಿಯ ವಿದ್ಯಾರ್ಥಿಗಳು ಹೇಳುತ್ತಾರೆ. ಇದು ನಿಜವೇ? ಈ ದಾರಿಯಲ್ಲಿ ಜೀವಮಾನ ಕಳೆದ ರಸಾಯನವಿಜ್ಞಾನಿಗಳು ಯಾರಿದ್ದಾರೆ?

ಉತ್ತರ: ನಿಮ್ಮ ಹಿರಿಯರ ಮಾತಿನಲ್ಲಿ ಅರ್ಧ ಸತ್ಯವಿದೆ. ಮುಂದೆ ನೊಬೆಲ್ ಪಡೆದ ಜಪಾನಿನ ರಸಾಯನವಿಜ್ಞಾನಿ ಸತೋಶಿ ಓಮುರಾ ಅವರ ವೃತ್ತಿಯೂ ಹಾಗೆಯೇ ಆರಂಭವಾಯಿತು. ಅವರು ಅಲ್ಲಿಗೇ ನಿಲ್ಲಲಿಲ್ಲ ಎಂಬುದಷ್ಟೇ ವ್ಯತ್ಯಾಸ. ಯಮನಾಶಿ ಪ್ರಾಂತ್ಯದ ನಿರಾಸಾಕಿಯ ರೈತ ಕುಟುಂಬದಲ್ಲಿ 1935ರಲ್ಲಿ ಹುಟ್ಟಿದ ಓಮುರಾ, ಪದವಿ ಮುಗಿಸಿ ಟೋಕಿಯೊದ ಒಂದು ರಾತ್ರಿ ಪ್ರೌಢಶಾಲೆಯಲ್ಲಿ ಐದು ವರ್ಷ ಪಾಠ ಹೇಳಿದವರು. ಹಗಲೆಲ್ಲ ಕಾರ್ಖಾನೆಯಲ್ಲಿ ದುಡಿದು ಬರುತ್ತಿದ್ದ ಒಬ್ಬ ವಿದ್ಯಾರ್ಥಿ, ಎಣ್ಣೆಮಸಿ ಇನ್ನೂ ಹೋಗದ ಕೈಗಳಲ್ಲೇ ಪರೀಕ್ಷೆ ಬರೆಯುತ್ತಿದ್ದುದನ್ನು ಕಂಡು, ತಾನೂ ಮತ್ತೆ ಓದಬೇಕೆಂದು ನಿಶ್ಚಯಿಸಿದ್ದಾಗಿ ಅವರು ಹೇಳಿಕೊಂಡಿದ್ದಾರೆ. 1963ರಲ್ಲಿ ಸ್ನಾತಕೋತ್ತರ ಪದವಿ, ಅನಂತರ ದ್ರಾಕ್ಷಾರಸದ ಹುದುಗುವಿಕೆಯನ್ನು ಅಧ್ಯಯನ ಮಾಡುವ ಪ್ರಯೋಗಾಲಯದಲ್ಲಿ ಸಹಾಯಕನ ಕೆಲಸ. 1965ರಲ್ಲಿ ಟೋಕಿಯೊದ ಕಿತಾಸಾಟೊ ಸಂಸ್ಥೆ.

ಅಲ್ಲಿ ಅವರಿಗೆ ಸಿಕ್ಕಿದ್ದು ನಿಮ್ಮ ಹಿರಿಯರು ಹೇಳುವ ಕೆಲಸವೇ. ಬೇರೆಯವರು ಕಂಡುಹಿಡಿದಿದ್ದ ಲ್ಯೂಕೊಮೈಸಿನ್ ಎಂಬ ಆ್ಯಂಟಿಬಯೋಟಿಕ್‌ನ ರಚನೆಯನ್ನು, ಅಣುವಿನಲ್ಲಿ ಪರಮಾಣುಗಳ ಜೋಡಣೆಯನ್ನು ತಿಳಿಯಲು ನೆರವಾಗುವ, ಆಗಿನ್ನೂ ಅಪರೂಪವಾಗಿದ್ದ ಎನ್‌ಎಂಆರ್ ಯಂತ್ರದ ನೆರವಿನಿಂದ ಅವರು ಬಿಡಿಸಿದರು. 1968ರಲ್ಲಿ ಔಷಧವಿಜ್ಞಾನದಲ್ಲಿ ಒಂದು, 1970ರಲ್ಲಿ ರಸಾಯನವಿಜ್ಞಾನದಲ್ಲಿ ಇನ್ನೊಂದು, ಹೀಗೆ ಎರಡು ಡಾಕ್ಟರೇಟ್ ಬಂದವು. ಆದರೆ ಅಷ್ಟು ಹೊತ್ತಿಗೆ ಅವರಿಗೆ ಒಂದು ಅಸಮಾಧಾನ ಶುರುವಾಗಿತ್ತು: ವಸ್ತುವನ್ನು ಹುಡುಕುವವರು ಪಡುವ ಪಾಡಿನ ಮುಂದೆ, ಸಿಕ್ಕ ವಸ್ತುವಿನ ರಚನೆ ಬಿಡಿಸುವುದು ಎಷ್ಟು ದೊಡ್ಡ ಕೆಲಸ? ಹೊಸ ವಸ್ತುವನ್ನು ತಾನೇ ಹುಡುಕಬೇಕು ಎಂದು ಅವರು ತೀರ್ಮಾನಿಸಿದರು. ರಸಾಯನವಿಜ್ಞಾನಿಯಾಗಿದ್ದುದರಿಂದಲೇ ಅವರು ಹುಡುಕಿದ ಬಗೆಯೂ ಬೇರೆಯಾಯಿತು.

ಸಾಮಾನ್ಯ ಪದ್ಧತಿ ನಿಮಗೆ ಗೊತ್ತೇ ಇದೆ. ಒಂದು ಗ್ರಾಂ ಮಣ್ಣನ್ನು ನೀರಿನಲ್ಲಿ ಕಲಸಿ, ಹತ್ತರಷ್ಟು, ನೂರರಷ್ಟು, ಸಾವಿರದಷ್ಟು ತೆಳುಮಾಡಿ ಅಗರ್ ತಟ್ಟೆಯ ಮೇಲೆ ಹರಡಬೇಕು. ವಾರ ಕಳೆದ ಮೇಲೆ ಸುಣ್ಣದ ಪುಡಿ ಉದುರಿಸಿದಂತೆ ಕಾಣುವ, ತಟ್ಟೆಯ ಮುಚ್ಚಳ ತೆರೆದೊಡನೆ ಮೊದಲ ಮಳೆಯ ಮಣ್ಣಿನ ಘಮವನ್ನೇ ಬೀರುವ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾದ ಕಾಲೊನಿಗಳನ್ನು ಆರಿಸಿ ಬೇರೆಬೇರೆಯಾಗಿ ಬೆಳೆಸಬೇಕು. ಅವು ಬೆಳೆದ ದ್ರವವನ್ನು, ಅಂದರೆ ರಸವನ್ನು, ಬೇರೆ ಬ್ಯಾಕ್ಟೀರಿಯಾ ಹರಡಿದ ತಟ್ಟೆಯ ಮೇಲಿಟ್ಟು, ಸುತ್ತ ಬ್ಯಾಕ್ಟೀರಿಯಾ ಬೆಳೆಯದ ತಿಳಿವೃತ್ತ ಮೂಡಿದರೆ ಇಟ್ಟುಕೊಳ್ಳಬೇಕು, ಮೂಡದಿದ್ದರೆ ಬಿಸಾಡಬೇಕು. ಬಹುಪಾಲು ಪ್ರಯೋಗಾಲಯಗಳು ದಶಕಗಟ್ಟಲೆ ಇದನ್ನೇ ಮಾಡಿದವು. ಸಿಕ್ಕಿದ್ದೇ ಮತ್ತೆ ಮತ್ತೆ ಸಿಗತೊಡಗಿತು.

ಓಮುರಾ ತಂಡ ಈ ಕ್ರಮವನ್ನೇ ತಿರುವುಮುರುವು ಮಾಡಿತು. ಯಾವ ರೋಗಕ್ಕೆ ಎಂದು ಕೇಳುವುದಕ್ಕೆ ಮುಂಚೆ, ರಸದಲ್ಲಿ ಹೊಸ ಬಗೆಯ ಅಣುವಿದೆಯೇ ಎಂದು ಅವರು ನೋಡಿದರು. ಮಿಶ್ರಣದ ವಸ್ತುಗಳನ್ನು ಬೇರ್ಪಡಿಸುವ ಟಿಎಲ್‌ಸಿ ಹಾಳೆಯ ಮೇಲೆ ಡ್ರಾಗೆನ್‌ಡಾರ್ಫ್ ದ್ರಾವಣ ಸಿಂಪಡಿಸಿದರೆ, ಸಾರಜನಕವುಳ್ಳ ಆಲ್ಕಲಾಯ್ಡ್‌ಗಳಿದ್ದ ಕಡೆ ಕಿತ್ತಳೆ ಬಣ್ಣದ ಕಲೆ ಏಳುತ್ತದೆ. ಗಿಡಮೂಲಿಕೆಗಳ ಅಧ್ಯಯನದಲ್ಲಿ ನಮ್ಮ ಕಾಲೇಜುಗಳಲ್ಲೂ ಮಾಡಿಸುವ ಈ ಹಳೆಯ ಪರೀಕ್ಷೆಯನ್ನು ಅವರು ಸೂಕ್ಷ್ಮಜೀವಿಗಳ ರಸಕ್ಕೆ ಅನ್ವಯಿಸಿದರು. 1977ರಲ್ಲಿ ಸ್ಟಾರೊಸ್ಪೊರಿನ್ ಸಿಕ್ಕಿದ್ದು ಹೀಗೆ. ಆಗ ಅದರಿಂದ ದೊಡ್ಡ ಉಪಯೋಗವೇನೂ ಕಾಣಲಿಲ್ಲ. ಒಂಬತ್ತು ವರ್ಷ ಕಳೆದು, 1986ರಲ್ಲಿ, ಅದು ಪ್ರೋಟೀನ್ ಕೈನೇಸ್ ಸಿ ಎಂಬ ಕಿಣ್ವವನ್ನು ಅತ್ಯಂತ ಕಡಿಮೆ ಪ್ರಮಾಣದಲ್ಲೇ ತಡೆಯುತ್ತದೆಂದು ಬೇರೆ ಸಂಶೋಧಕರು ತೋರಿಸಿದ ಮೇಲೆ ಜಗತ್ತಿನ ಕ್ಯಾನ್ಸರ್ ಪ್ರಯೋಗಾಲಯಗಳೆಲ್ಲ ಅದನ್ನು ತರಿಸಿಕೊಂಡವು. ಅದರಿಂದ ಹುಟ್ಟಿದ ಮಿಡೊಸ್ಟಾರಿನ್ 2017ರಲ್ಲಿ ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಔಷಧವಾಗಿ ಅಮೆರಿಕದಲ್ಲಿ ಅನುಮೋದನೆ ಪಡೆಯಿತು. ನಾಲ್ಕು ದಶಕಗಳ ಹಿಂದಿನ ಕಿತ್ತಳೆ ಕಲೆಯನ್ನು ‘ಉಪಯೋಗವಿಲ್ಲ’ ಎಂದು ಒರೆಸಿಹಾಕಿದ್ದರೆ ಇದಾವುದೂ ಆಗುತ್ತಿರಲಿಲ್ಲ. ರಚನೆ ಬಿಡಿಸುವುದು ಗುಮಾಸ್ತಗಿರಿ ಎನ್ನುವವರು ಈ ಕಥೆಯನ್ನು ಗಮನಿಸಬೇಕು.

ನೊಬೆಲ್ ತಂದುಕೊಟ್ಟ ಕೆಲಸದ ಹಾದಿ ಬೇರೆ. 1971ರಲ್ಲಿ ಓಮುರಾ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯಕ್ಕೆ, ಹಿಂದೆ ಮರ್ಕ್ ಔಷಧ ಕಂಪನಿಯ ಸಂಶೋಧನೆಯ ಮುಖ್ಯಸ್ಥರಾಗಿದ್ದ ಮ್ಯಾಕ್ಸ್ ಟಿಶ್ಲರ್ ಅವರ ಬಳಿಗೆ ಹೋದರು. 1973ರಲ್ಲಿ ಹಿಂದಿರುಗುವಾಗ ಅವರ ಕೈಯಲ್ಲಿ ಮರ್ಕ್ ಜೊತೆಗಿನ ಒಪ್ಪಂದವಿತ್ತು: ಕಂಪನಿ ವರ್ಷಕ್ಕೆ 2.5 ಕೋಟಿ ಯೆನ್ ಕೊಡಬೇಕು, ಕಿತಾಸಾಟೊ ತಂಡ ಸೂಕ್ಷ್ಮಜೀವಿಗಳನ್ನು ಹುಡುಕಿ ಕಳಿಸಬೇಕು, ಔಷಧವಾದರೆ ರಾಯಧನ ಬರಬೇಕು. ಅವರ ತಂಡದವರೆಲ್ಲ ಹೋದಲ್ಲೆಲ್ಲ ಮಣ್ಣು ತುಂಬಿಕೊಳ್ಳಲು ಚಿಕ್ಕ ಪ್ಲಾಸ್ಟಿಕ್ ಚೀಲ ಇಟ್ಟುಕೊಂಡಿರುತ್ತಿದ್ದರು. ಜಪಾನಿನ ಇತೊ ನಗರದ ಕವಾನಾ ಎಂಬಲ್ಲಿ ಗಾಲ್ಫ್ ಮೈದಾನದ ಹತ್ತಿರ ತೆಗೆದ ಮಣ್ಣಿನಲ್ಲಿ ಸಿಕ್ಕ ಸ್ಟ್ರೆಪ್ಟೊಮೈಸಿಸ್ ಒಂದು, ಇತರ ಮಾದರಿಗಳ ಜೊತೆ 1974ರಲ್ಲಿ ಅಮೆರಿಕಕ್ಕೆ ಹೋಯಿತು. ಮರ್ಕ್‌ನಲ್ಲಿ ವಿಲಿಯಂ ಕ್ಯಾಂಬೆಲ್ ಮತ್ತು ಸಂಗಡಿಗರು ಕರುಳುಹುಳದ ಬಾಧೆಯಿದ್ದ ಇಲಿಗಳಿಗೆ ಆ ರಸವನ್ನು ಮೇವಿನಲ್ಲಿ ಬೆರೆಸಿ ತಿನ್ನಿಸಿದರು, ಹುಳುಗಳು ಸತ್ತವು. ಇಲ್ಲಿ ಒಂದು ಸೂಕ್ಷ್ಮವಿದೆ. ಆ ರಸದಲ್ಲಿದ್ದ ಅವರ್ಮೆಕ್ಟಿನ್ ಬ್ಯಾಕ್ಟೀರಿಯಾಗಳನ್ನಾಗಲಿ ಬೂಷ್ಟನ್ನಾಗಲಿ ಕೊಲ್ಲುವುದಿಲ್ಲ. ತಿಳಿವೃತ್ತದ ಪರೀಕ್ಷೆಯನ್ನೇ ನೆಚ್ಚಿಕೊಂಡಿದ್ದರೆ ಅದು ಸಿಂಕಿನ ಪಾಲಾಗುತ್ತಿತ್ತು.

ಅವರ್ಮೆಕ್ಟಿನ್ ಎಂಬುದು ಒಂದು ಅಣುವಲ್ಲ, ಎಂಟು ಸೋದರ ಅಣುಗಳ ಗುಂಪು. ಅವುಗಳಲ್ಲಿ ಬಿ1 ಎಂಬುದರಲ್ಲಿ ಐದು ದ್ವಿಬಂಧಗಳಿವೆ. ಮರ್ಕ್‌ನ ರಸಾಯನವಿಜ್ಞಾನಿಗಳು ವಿಲ್ಕಿನ್ಸನ್ ವೇಗವರ್ಧಕ ಬಳಸಿ, ಉಳಿದ ನಾಲ್ಕನ್ನು ಮುಟ್ಟದೆ, 22 ಮತ್ತು 23ನೇ ಕಾರ್ಬನ್‌ಗಳ ನಡುವಿನ ಒಂದೇ ದ್ವಿಬಂಧಕ್ಕೆ ಹೈಡ್ರೊಜನ್ ಸೇರಿಸಿದರು. ಅದೇ ಐವರ್ಮೆಕ್ಟಿನ್. ನಿಮ್ಮ ಪಠ್ಯದಲ್ಲಿ ಆ ವೇಗವರ್ಧಕದ ಬಗ್ಗೆ ಓದುವಾಗ ನಿದ್ದೆ ಬಂದಿದ್ದರೆ ಇನ್ನೊಮ್ಮೆ ಓದಿ ನೋಡಿ. 1981ರಲ್ಲಿ ಜಾನುವಾರುಗಳಿಗೆ ಮಾರುಕಟ್ಟೆಗೆ ಬಂದ ಔಷಧವನ್ನು, ನದಿದಂಡೆಯ ನೊಣಗಳಿಂದ ಹರಡಿ ಕುರುಡು ತರುವ ಆಂಕೊಸರ್ಕಿಯಾಸಿಸ್‌ಗಾಗಿ ಬೇಕಾದಷ್ಟು ಉಚಿತವಾಗಿ ಕೊಡುವುದಾಗಿ 1987ರಲ್ಲಿ ಮರ್ಕ್ ಘೋಷಿಸಿತು. 2015ರಲ್ಲಿ ಓಮುರಾ ಮತ್ತು ಕ್ಯಾಂಬೆಲ್ ವೈದ್ಯಕೀಯ ನೊಬೆಲ್‌ನ ಅರ್ಧಭಾಗವನ್ನು ಹಂಚಿಕೊಂಡರು.

ನಿಮ್ಮ ಊರಿನ ಹೆಸರು ನೋಡಿ ಒಂದು ಮಾತು ಹೇಳಲೇಬೇಕೆನಿಸಿತು. ಆನೆಕಾಲು ರೋಗಕ್ಕೆ ಐವರ್ಮೆಕ್ಟಿನ್, ಡಿಇಸಿ ಮತ್ತು ಆಲ್ಬೆಂಡಜೋಲ್ ಎಂಬ ಹುಳುನಾಶಕ ಔಷಧಗಳು ಮೂರನ್ನೂ ಒಟ್ಟಿಗೆ ಕೊಡುವುದು ಸುರಕ್ಷಿತವೇ ಎಂಬ ಸಮುದಾಯ ಮಟ್ಟದ ಅಧ್ಯಯನ ಭಾರತದಲ್ಲಿ ನಡೆದದ್ದು ಯಾದಗಿರಿ ಜಿಲ್ಲೆಯಲ್ಲಿಯೇ, ಪುದುಚೇರಿಯ ಐಸಿಎಂಆರ್ ಸಂಸ್ಥೆಯ ನೇತೃತ್ವದಲ್ಲಿ. ಮುಂದೆ ತ್ರಿವಳಿ ಔಷಧ ವಿತರಣೆಗೆ ಮೊದಲು ಆರಿಸಿದ ಜಿಲ್ಲೆಗಳಲ್ಲೂ ಅದು ಸೇರಿತ್ತು. ನಿಮ್ಮ ಮನೆಯಲ್ಲೇ ಯಾರಾದರೂ ಆ ಮಾತ್ರೆ ನುಂಗಿರಬಹುದು. 50 ಕೆ.ಜಿ. ತೂಕದವರಿಗೆ ಐವರ್ಮೆಕ್ಟಿನ್ ಬೇಕಾಗುವುದು ಸುಮಾರು 10 ಮಿಲಿಗ್ರಾಂ ಮಾತ್ರ. (ಮೂರರಲ್ಲಿ ಡಿಇಸಿ ಬಂದದ್ದು ಯಲ್ಲಾಪ್ರಗಡ ಸುಬ್ಬರಾವ್ ಮುಖ್ಯಸ್ಥರಾಗಿದ್ದ ಅಮೆರಿಕದ ಪ್ರಯೋಗಾಲಯದಿಂದ.)

ಕೊನೆಗೆ ಕೆಲವು ವ್ಯಾವಹಾರಿಕ ಮಾತುಗಳು. ಯಾವ ರಸವನ್ನು ಪರೀಕ್ಷಿಸಿದರೂ ಸೂಕ್ಷ್ಮಜೀವಿ ಹಾಕದ ಬರಿಯ ಮಾಧ್ಯಮವನ್ನೂ ಪಕ್ಕದಲ್ಲೇ ಪರೀಕ್ಷಿಸಿ. ಇದನ್ನು ಒತ್ತಿ ಹೇಳಲು ಕಾರಣವಿದೆ: ವಿದ್ಯಾರ್ಥಿಯಾಗಿದ್ದಾಗ ನಾನು ಎಂಟು ತಿಂಗಳು ಶುದ್ಧೀಕರಿಸಿ ಹೊಸದೆಂದು ಹಿಗ್ಗಿದ ಬಿಳಿ ಹರಳು, ಮಾಧ್ಯಮಕ್ಕೆ ಬೆರೆಸಿದ್ದ ಪೆಪ್ಟೋನ್‌ನಿಂದಲೇ ಬಂದ ಡೈಕೀಟೊಪಿಪರಜೈನ್ ಆಗಿತ್ತು. ಮಾಸ್ ಸ್ಪೆಕ್ಟ್ರಮ್ ನೋಡಿ ಹಳೆಯ ವಸ್ತುಗಳನ್ನು ಮೊದಲೇ ಜರಡಿ ಹಿಡಿಯುವುದನ್ನೂ, ಒಂದಿಷ್ಟು ಮೈಕ್ರೋಬಯಾಲಜಿಯನ್ನೂ ಕಲಿಯಿರಿ. ಪುಣೆಯ ಎನ್‌ಸಿಎಲ್, ಹೈದರಾಬಾದಿನ ಐಐಸಿಟಿ, ಚಂಡೀಗಢದ ಇಮ್‌ಟೆಕ್, ಜಮ್ಮುವಿನ ಐಐಐಎಂ ಪಿಎಚ್.ಡಿ.ಗೆ ವಿಚಾರಿಸಬಹುದಾದ ಜಾಗಗಳು. ಇನ್ನೊಂದು, ಓಮುರಾ ಅವರಂತೆ ಸೂಕ್ಷ್ಮಜೀವಿಯನ್ನು ವಿದೇಶಿ ಕಂಪನಿಗೆ ಹಾಗೇ ಕಳಿಸಿಬಿಡಲು ಇಂದು ನಿಮಗೆ ಸಾಧ್ಯವಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯಂತೆ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಬೇಕು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ಶಿವಮೊಗ್ಗ. ಎಂಬತ್ತು ವರ್ಷಗಳಿಂದ ಜಗತ್ತಿನ ಮಣ್ಣನ್ನೆಲ್ಲ ಜಾಲಾಡಿದ ಮೇಲೆ ಅದರಲ್ಲಿ ಹೊಸದೇನು ಉಳಿದಿದ್ದೀತು?

ಉತ್ತರ: ಇದಕ್ಕೆ ಉತ್ತರ ಅದೇ ಕವಾನಾದ ಸೂಕ್ಷ್ಮಜೀವಿಯಲ್ಲಿದೆ. 2003ರಲ್ಲಿ ಓಮುರಾ ಮತ್ತು ಸಂಗಡಿಗರು ಅದರ ಇಡೀ ಜೀನೋಮನ್ನು ಓದಿದಾಗ, ಸುಮಾರು 90 ಲಕ್ಷ ಅಕ್ಷರಗಳ ಆ ಬರಹದಲ್ಲಿ ಇಂಥ ರಾಸಾಯನಿಕಗಳನ್ನು ತಯಾರಿಸುವ 30 ಜೀನ್ ಗುಂಪುಗಳು ಕಂಡವು. ಅವರ್ಮೆಕ್ಟಿನ್ ತಯಾರಿಸುವುದು ಅವುಗಳಲ್ಲಿ ಒಂದು ಮಾತ್ರ. ಉಳಿದವುಗಳಲ್ಲಿ ಎಷ್ಟೋ, ನಾವು ಫ್ಲಾಸ್ಕಿನಲ್ಲಿ ಕೊಡುವ ಸುಖದ ಊಟದಲ್ಲಿ ಬಾಯಿಯನ್ನೇ ಬಿಡುವುದಿಲ್ಲ. ಆದ್ದರಿಂದ ಮಣ್ಣು ಬರಿದಾಗಿಲ್ಲ, ನಮ್ಮ ಹಳೆಯ ಪರೀಕ್ಷೆಗಳಿಗೆ ಸಿಗುವಷ್ಟು ಮಾತ್ರ ಮುಗಿದಿದೆ. ಮುಂದೆ ಜಪಾನಿನ ಅದೇ ತಂಡ ಆ ಸೂಕ್ಷ್ಮಜೀವಿಯ ಜೀನೋಮಿನಿಂದ 14 ಲಕ್ಷಕ್ಕೂ ಹೆಚ್ಚು ಅಕ್ಷರಗಳನ್ನು ಕತ್ತರಿಸಿ ತೆಗೆದು, ಅದರ ಸ್ವಂತ ಅಡುಗೆಯನ್ನು ಬಹುಮಟ್ಟಿಗೆ ನಿಲ್ಲಿಸಿ, ಬೇರೆ ಜೀವಿಗಳ ಜೀನ್ ಗುಂಪುಗಳನ್ನು ಅದರೊಳಗೆ ಸೇರಿಸಿತು. ಕವಾನಾದ ಸ್ಟ್ರೆಪ್ಟೊಮೈಸಿಸ್ ಆಗ ಬೇರೊಂದು ಸ್ಟ್ರೆಪ್ಟೊಮೈಸಿಸ್‌ನ ಸ್ಟ್ರೆಪ್ಟೊಮೈಸಿನ್ ಅನ್ನು ತನ್ನದೇ ಎಂಬಂತೆ ತಯಾರಿಸತೊಡಗಿತು.