ಸ್ಪೆಕ್ಟ್ರಮ್ ಕೇಳಿಕೊಂಡು ಪುಣೆಗೆ ಬರುತ್ತಿರುವ ತಮ್ಮನಿಗೆ

ತಮ್ಮಾ,

ನಿನ್ನ ಪತ್ರ ಓದಿದೆ. ಗದಗದ ಕಡೆ ಕೇಬಲ್ ಎಳೆದು ಮನೆಮನೆಗೆ ಇಂಟರ್ನೆಟ್ ಕೊಡುವ ಕೆಲಸ ಮಾಡಿದ್ದೀಯ. ಈಗ ಪುಣೆಯಲ್ಲಿ ನೌಕರಿ ಸಿಕ್ಕಿದೆ, ಮುಂದಿನ ತಿಂಗಳು ಬರುತ್ತಿದ್ದೀಯ. ಇಲ್ಲಿ ಕೆಲಸ ಕಲಿತು, ಆಮೇಲೆ ಹಳ್ಳಿಗಳಿಗೆ ವೈರ್‌ಲೆಸ್ ಬ್ರಾಡ್‌ಬ್ಯಾಂಡ್ ಕೊಡುವ ಸ್ವಂತ ಕಂಪನಿ ಮಾಡಬೇಕು ಅಂತ ಆಸೆ. ಅದಕ್ಕೆ ಮೂರು ಪ್ರಶ್ನೆ ಕೇಳಿದ್ದೀಯ: ಪುಣೆಯಲ್ಲಿ ನಮ್ಮವರ ಬದುಕು ಹೇಗಿದೆ, ಸ್ಪೆಕ್ಟ್ರಮ್ (ಸಿಗ್ನಲ್ ಕಳಿಸುವ ತರಂಗಾಂತರ) ಕೊಳ್ಳೋದು ಹೇಗೆ, ಮುಂದೆ ಊರಿಗೇ ವಾಪಸ್ ಹೋಗಿ ಇದನ್ನು ಮಾಡಬಹುದಾ.

ನಾನು ಹುಬ್ಬಳ್ಳಿಯಲ್ಲಿ ಓದಿ ಇಲ್ಲಿಗೆ ಬಂದವಳು. ಮುಳಶಿ, ಭೋರ್, ಮಾವಳ ತಾಲ್ಲೂಕುಗಳ ಹಳ್ಳಿಗಳಿಗೆ ವೈರ್‌ಲೆಸ್ ಲಿಂಕ್ ಹಾಕುವ ಸಣ್ಣ ಕಂಪನಿಯಲ್ಲಿ ಬಹಳ ವರ್ಷದಿಂದ ಇದ್ದೇನೆ. ಗೊತ್ತಿರುವುದನ್ನು ಹೇಳುತ್ತೇನೆ.

ಬದುಕಿನ ಮಾತು ಬೇಗ ಮುಗಿಯುತ್ತದೆ. ಪುಣೆ ನಮ್ಮ ಕಡೆಯವರಿಗೆ ಪರದೇಶವೇನಲ್ಲ. ಹುಬ್ಬಳ್ಳಿಯಿಂದ ರೈಲಿದೆ, ಸ್ವಾರಗೇಟಿನಿಂದ ನಮ್ಮ ಬಸ್ಸುಗಳಿವೆ. ಬೆಂಗಳೂರಿನ ಹಾಗೆ ಹತ್ತು ತಿಂಗಳ ಅಡ್ವಾನ್ಸ್ ಇಲ್ಲಿ ಕೇಳುವುದಿಲ್ಲ, ಎರಡು ಮೂರು ತಿಂಗಳ ಬಾಡಿಗೆ ಡಿಪಾಸಿಟ್ ಇಟ್ಟರೆ ಮನೆ ಸಿಗುತ್ತದೆ. ಆದರೆ 11 ತಿಂಗಳ ಲೀವ್ ಅಂಡ್ ಲೈಸನ್ಸ್ ಕರಾರು ರಿಜಿಸ್ಟರ್ ಆಗಲೇಬೇಕು, ಬಾಡಿಗೆದಾರನ ವಿವರ ಪೊಲೀಸರಿಗೆ ಹೋಗಲೇಬೇಕು. ಬ್ರೋಕರ್ "ಆಮೇಲೆ ನೋಡೋಣ" ಅಂದರೆ ಒಪ್ಪಬೇಡ. ನಿನ್ನ ಕೆಲಸ ಹಳ್ಳಿಗಳ ಕಡೆ ಇರುವುದರಿಂದ ವಾರಜೆ ಅಥವಾ ಕಾತ್ರಜ್ ಕಡೆ ಮನೆ ನೋಡು. ಹೆದ್ದಾರಿ ಹತ್ತಿರ, ಬೆಳಿಗ್ಗೆ ಊರ ಟ್ರಾಫಿಕ್ ದಾಟುವ ತಾಪತ್ರಯ ಇಲ್ಲ. ಎರಂಡವಣೆಯ ಗಣೇಶನಗರದಲ್ಲಿ ಕನ್ನಡ ಸಂಘ ಇದೆ, ಬಂದ ಮೊದಲ ತಿಂಗಳೇ ಒಮ್ಮೆ ಹೋಗಿ ಬಾ.

ಮರಾಠಿ ಮಾತ್ರ ಕಲಿತೇ ಬರಬೇಕು. ಆಫೀಸಿನಲ್ಲಿ ಹಿಂದಿ ನಡೆಯುತ್ತದೆ. ಭೋರಿನ ಗುಡ್ಡದ ಮೇಲೆ ನಡೆಯುವುದಿಲ್ಲ.

ಈಗ ಸ್ಪೆಕ್ಟ್ರಮ್. "ಒಂದು ತಾಲ್ಲೂಕಿಗಾಗುವಷ್ಟು ಸ್ಪೆಕ್ಟ್ರಮ್ ಎಷ್ಟಕ್ಕೆ ಸಿಗುತ್ತದೆ, ಮುಂಬೈಗಿಂತ ಪುಣೆಯಲ್ಲಿ ಕಡಿಮೆಯಾ" ಅಂತ ಕೇಳಿದ್ದೀಯ. ತಾಲ್ಲೂಕಿನ ಲೆಕ್ಕದಲ್ಲಿ ಅದು ಸಿಗುವುದೇ ಇಲ್ಲ, ತಮ್ಮಾ. ಇಡೀ ದೇಶವನ್ನು 22 ಸರ್ಕಲ್ ಮಾಡಿದ್ದಾರೆ. ಮುಂಬೈ ಒಂದು ಸರ್ಕಲ್. ಪುಣೆ, ನಾಗಪುರ, ಕೊಲ್ಹಾಪುರ, ಜೊತೆಗೆ ಗೋವಾ, ಎಲ್ಲ ಸೇರಿ ಮಹಾರಾಷ್ಟ್ರ ಸರ್ಕಲ್. ಹರಾಜಿನಲ್ಲಿ ತಗೊಂಡರೆ ಇಡೀ ಸರ್ಕಲ್‌ಗೆ, 20 ವರ್ಷಕ್ಕೆ ತಗೋಬೇಕು. ಹೊಸಬರು ಹರಾಜಿಗೆ ಕೂರಬೇಕಾದರೆ ಹೆಚ್ಚಿನ ಕಡೆ ಒಂದೊಂದು ಸರ್ಕಲ್‌ಗೆ 100 ಕೋಟಿ ರೂಪಾಯಿ ನಿವ್ವಳ ಆಸ್ತಿ ತೋರಿಸಬೇಕು. ಮುಳಶಿಯ ನಾಲ್ಕು ಹಳ್ಳಿಗೆ ಇಂಟರ್ನೆಟ್ ಕೊಡುವವನಿಗೆ ಅಲ್ಲಿ ಬಾಗಿಲೇ ಇಲ್ಲ.

2010ರಲ್ಲಿ ಸಣ್ಣ ಕಂಪನಿಯೊಂದು ದೇಶಕ್ಕೆಲ್ಲ ಸ್ಪೆಕ್ಟ್ರಮ್ ಗೆದ್ದಿತ್ತಲ್ವಾ ಅಂತ ಬರೆದಿದ್ದೀಯ. ಹೌದು, ಇನ್ಫೋಟೆಲ್ ಬ್ರಾಡ್‌ಬ್ಯಾಂಡ್. 2300 ಮೆಗಾಹರ್ಟ್ಸ್ ಹರಾಜಿನಲ್ಲಿ 22 ಸರ್ಕಲ್‌ನಲ್ಲೂ ಗೆದ್ದ ಕಂಪನಿ ಅದೊಂದೇ. ಬೆಲೆ 12,847 ಕೋಟಿ. ಹರಾಜು ಮುಗಿಯುತ್ತಿದ್ದಂತೆ ರಿಲಯನ್ಸ್ ಅದನ್ನು ಕೊಂಡುಕೊಂಡಿತು, ಮುಂದೆ ಅದೇ ಜಿಯೋ ಆಯಿತು. ಆ ದಾರಿ ನಿನ್ನದಲ್ಲ, ನನ್ನದೂ ಅಲ್ಲ.

ನನಗೆ ನಿಜಕ್ಕೂ ಸಂಕಟ ಆಗುವುದು ಬೇರೆ ವಿಷಯಕ್ಕೆ. ಗುಡ್ಡಗಾಡಿನ ಹಳ್ಳಿಗೆ ಒಗ್ಗುವುದು ಕೆಳಗಿನ ತರಂಗಾಂತರ. ಅದು ದೂರ ಹೋಗುತ್ತದೆ, ಮರ ಗೋಡೆ ದಾಟುತ್ತದೆ. 700 ಮೆಗಾಹರ್ಟ್ಸ್ ಅಂಥದ್ದು. 2016ರಲ್ಲಿ ಅದನ್ನು ಹರಾಜಿಗಿಟ್ಟಾಗ ದೇಶಕ್ಕೆಲ್ಲ ಸೇರಿ ಒಂದು ಮೆಗಾಹರ್ಟ್ಸ್‌ಗೆ 11,485 ಕೋಟಿ ಮೂಲಬೆಲೆ ಇಟ್ಟರು. ಯಾರೂ ಕೂಗಲಿಲ್ಲ. 2021ರಲ್ಲಿ 6,568 ಕೋಟಿಗೆ ಇಳಿಸಿದರು, ಆಗಲೂ ಯಾರೂ ಕೂಗಲಿಲ್ಲ. 2022ರಲ್ಲಿ 3,927 ಕೋಟಿ ಮಾಡಿದ ಮೇಲೆ ಜಿಯೋ 10 ಮೆಗಾಹರ್ಟ್ಸ್ ತಗೊಂಡಿತು. ಅಷ್ಟು ವರ್ಷ ಅದು ಸುಮ್ನೆ ಬಿದ್ದಿತ್ತು. ಅದೇ 2022ರ ಹರಾಜಿನಲ್ಲಿ 600 ಮೆಗಾಹರ್ಟ್ಸ್ ಕೂಡ ಇಟ್ಟಿದ್ದರು, ಅದಕ್ಕೆ ಒಬ್ಬರೂ ಕೂಗಲಿಲ್ಲ. ಸರ್ಕಾರಕ್ಕೂ ದುಡ್ಡು ಬರಲಿಲ್ಲ, ಹಳ್ಳಿಗೂ ನೆಟ್ ಬರಲಿಲ್ಲ. ಪರೀಕ್ಷೆ ಅರ್ಜಿ ತುಂಬಲು ಹುಡುಗಿಯೊಬ್ಬಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತುವುದನ್ನು ನೋಡಿದವರಿಗೆ ಇದು ಬರೀ ಅಂಕಿ ಅಲ್ಲ.

ಇನ್ನೂ ಒಂದಿದೆ. ಟಿವಿಗೆ ಅಂತ ಇಟ್ಟಿದ್ದ 470ರಿಂದ 590 ಮೆಗಾಹರ್ಟ್ಸ್. ಪವಾಯಿಯ ಐಐಟಿ ಬಾಂಬೆಯವರು ಲೆಕ್ಕ ಹಾಕಿದಾಗ, ಆ ಪಟ್ಟಿಯ 15 ಚಾನೆಲ್‌ಗಳಲ್ಲಿ ದೇಶದ ಬಹುತೇಕ ಕಡೆ 12 ಖಾಲಿ ಇದ್ದವು. ಹೇಳಿ ಸುಮ್ಮನಾಗಲಿಲ್ಲ, ಪಾಲಘರ್ ಜಿಲ್ಲೆಯ ಹಳ್ಳಿಗಳಲ್ಲಿ ಆ ಖಾಲಿ ಚಾನೆಲ್‌ಗಳಲ್ಲೇ ಇಂಟರ್ನೆಟ್ ಹರಿಸಿ ತೋರಿಸಿದರು. ಪ್ರೊಫೆಸರ್ ಅಭಯ್ ಕರಂದೀಕರ್ ಅವರ ತಂಡದ ಗ್ರಾಮ್ ಮಾರ್ಗ್ ಯೋಜನೆ ಅದು, 2017ರಲ್ಲಿ ಮೊಜಿಲ್ಲಾ ಸಂಸ್ಥೆಯ ಬಹುಮಾನವೂ ಬಂತು. ಈಗ ದೂರದರ್ಶನದ ಹಳೆಯ ಅನಲಾಗ್ ಪ್ರಸಾರ ಕೇಂದ್ರಗಳು ಬಹುತೇಕ ಬಂದ್ ಆಗಿವೆ. ಅಂಥ ಜಾಗವನ್ನು ತಾಲ್ಲೂಕು ಮಟ್ಟದಲ್ಲಿ, ಸಣ್ಣವರಿಗೆ, ಕಡಿಮೆ ಶುಲ್ಕಕ್ಕೆ ಬಿಡಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ. ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಸಮಾಲೋಚನೆ ಕರೆದಾಗ ಯಾರು ಬೇಕಾದರೂ ಬರೆದು ಕಳಿಸಬಹುದು. ನೀನೂ ಬರೆಯಬೇಕು.

ಹಾಗಾದರೆ ನಾವು ಕೆಲಸ ಮಾಡುವುದು ಯಾವುದರ ಮೇಲೆ? 5 ಗಿಗಾಹರ್ಟ್ಸ್ ಮೇಲೆ. 2018ರ ಅಕ್ಟೋಬರಿನಲ್ಲಿ ಸರ್ಕಾರ 5150ರಿಂದ 5350, 5470ರಿಂದ 5875 ಮೆಗಾಹರ್ಟ್ಸ್, ಒಟ್ಟು 605 ಮೆಗಾಹರ್ಟ್ಸ್ ಜಾಗವನ್ನು ಹೊರಗಡೆ ಬಳಸಲೂ ಲೈಸನ್ಸ್‌ನಿಂದ ಮುಕ್ತ ಮಾಡಿತು. ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ಉಪಕಾರ ಯಾವುದೂ ಆಗಿಲ್ಲ. ಹರಾಜು ಬೇಡ, ಕೋಟಿ ಬೇಡ. ಶಕ್ತಿಯ ಮಿತಿ ಮಾತ್ರ ಪಾಲಿಸಬೇಕು. ನಾವು ಜಾಸ್ತಿ ಬಳಸುವ 5.8ರ ಕಡೆ ಆಂಟೆನಾದ ಬಲ ಸೇರಿ 36 ಡಿಬಿಎಂ, ಅಂದರೆ 4 ವ್ಯಾಟ್.

ಆದರೆ ಒಂದು ಮಾತು ಸರಿಯಾಗಿ ತಿಳಿದುಕೋ. ತರಂಗಾಂತರ ಮುಕ್ತ ಅಂದರೆ ವ್ಯಾಪಾರ ಮುಕ್ತ ಅಲ್ಲ. ದುಡ್ಡು ತಗೊಂಡು ಜನರಿಗೆ ಇಂಟರ್ನೆಟ್ ಕೊಡಬೇಕಾದರೆ ಐಎಸ್‌ಪಿ, ಅಂದರೆ ಇಂಟರ್ನೆಟ್ ಸೇವೆ ಕೊಡುವವರ ಪರವಾನಗಿ ಬೇಕೇ ಬೇಕು. ಅದರಲ್ಲಿ ಎ ಇಡೀ ದೇಶಕ್ಕೆ, ಬಿ ಒಂದು ಸರ್ಕಲ್‌ಗೆ, ಸಿ ಹೆಚ್ಚುಕಡಿಮೆ ಒಂದು ಜಿಲ್ಲೆಯಷ್ಟು ಜಾಗಕ್ಕೆ. ಯೂನಿಫೈಡ್ ಲೈಸನ್ಸ್ ಅನ್ನುವ ಪರವಾನಗಿ ಪದ್ಧತಿಯಲ್ಲಿ ಪ್ರವೇಶ ಶುಲ್ಕ ಎ ವರ್ಗಕ್ಕೆ 30 ಲಕ್ಷ, ಬಿ ವರ್ಗಕ್ಕೆ 2 ಲಕ್ಷ, ಸಿ ವರ್ಗಕ್ಕೆ 20 ಸಾವಿರ. 2023ರ ದೂರಸಂಪರ್ಕ ಕಾಯ್ದೆ ಬಂದ ಮೇಲೆ ಹೊಸ ನಿಯಮಗಳು ಬರುತ್ತಿವೆ. ಅದಕ್ಕೆ ಅರ್ಜಿ ಹಾಕುವ ದಿನ ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ ಇರುವ ಶುಲ್ಕವನ್ನೇ ನಂಬು. ರೇಡಿಯೊ (ಸಿಗ್ನಲ್ ಕಳಿಸುವ ಪೆಟ್ಟಿಗೆ) ಕೊಳ್ಳುವಾಗ ಅದಕ್ಕೆ ಕೇಂದ್ರದ ವೈರ್‌ಲೆಸ್ ವಿಭಾಗ ಡಬ್ಲ್ಯುಪಿಸಿಯ ಇಟಿಎ, ಅಂದರೆ ಉಪಕರಣದ ಒಪ್ಪಿಗೆ, ಇದೆಯಾ ನೋಡು. ಆನ್‌ಲೈನ್‌ನಲ್ಲಿ ಅಮೆರಿಕದ 900 ಮೆಗಾಹರ್ಟ್ಸ್ ರೇಡಿಯೊ ಕಂಡರೆ ಆಸೆ ಪಡಬೇಡ. ಮರ ದಾಟುತ್ತದೆ, ನಿಜ. ಅಲ್ಲಿ ಅದು ಮುಕ್ತ, ಇಲ್ಲಿ ಅದರ ದೊಡ್ಡ ಪಾಲು ಮೊಬೈಲ್ ಕಂಪನಿಗಳು ದುಡ್ಡು ಕೊಟ್ಟು ತಗೊಂಡ ಜಾಗ. ಇನ್ನು ಲೋಹೆಗಾಂವ್ ವಾಯುನೆಲೆಯಂಥ ಕಡೆ ಎತ್ತರದ ಕಂಬ ನಿಲ್ಲಿಸಬೇಕೆಂದರೆ ಸ್ಯಾಕ್ಫಾ (ಕಂಬದ ಜಾಗಕ್ಕೆ ಒಪ್ಪಿಗೆ ಕೊಡುವ ಕೇಂದ್ರದ ಸಮಿತಿ) ಅನುಮತಿಯ ವಿಚಾರವನ್ನು ಮೊದಲೇ ಮುಗಿಸಿಕೋ.

ಮುಕ್ತ ಜಾಗದ ಕಷ್ಟ ಇಷ್ಟೇ: ಅಲ್ಲಿ ಯಾರಿಗೂ ರಕ್ಷಣೆ ಇಲ್ಲ. ನಿನ್ನ ಲಿಂಕ್ ಪಕ್ಕದಲ್ಲೇ ಇನ್ನೊಬ್ಬ ಅದೇ ಚಾನೆಲ್ ಹಾಕಿದರೆ ದೂರು ಕೊಡಲು ಆಗುವುದಿಲ್ಲ. ಹಿಂಜವಡಿ ಕಡೆ 5 ಗಿಗಾಹರ್ಟ್ಸ್‌ನಲ್ಲಿ ಗದ್ದಲವೋ ಗದ್ದಲ. ಭೋರ್ ದಾಟಿದ ಮೇಲೆ ಶಾಂತ. ಹಳ್ಳಿಯಲ್ಲಿ ಈ ಕೆಲಸ ಚೆನ್ನಾಗಿ ನಡೆಯಲು ಅದೂ ಒಂದು ಕಾರಣ.

ಕೆಲಸ ಹೇಗಿರುತ್ತದೆ ಅಂತ ಗೊತ್ತಾಗಲಿ. ಭಾಟಘರ್ ಡ್ಯಾಮಿನ ಹಿನ್ನೀರಿನ ಆಚೆ ಒಂದು ಹಳ್ಳಿ. ಈಚೆ ಪಂಚಾಯಿತಿ ಆಫೀಸಿನವರೆಗೆ ಭಾರತ್‌ನೆಟ್ ಫೈಬರ್, ಅಂದರೆ ಪಂಚಾಯಿತಿಗಳಿಗೆ ಸರ್ಕಾರ ಎಳೆದ ಇಂಟರ್ನೆಟ್ ಕೇಬಲ್, ಬಂದಿದೆ. ನಡುವೆ ನೀರು. ಮಾಳಿಗೆಯ ಮೇಲೆ ನಿಂತರೆ ಆಚೆಯ ನೀರಿನ ಟಾಕಿ ಸ್ಪಷ್ಟವಾಗಿ ಕಾಣುತ್ತದೆ, ಲಿಂಕ್ ಸುಲಭ ಅನ್ನಿಸುತ್ತದೆ. ಕಣ್ಣಿಗೆ ಕಂಡರೆ ಸಾಲದು. 5.8 ಗಿಗಾಹರ್ಟ್ಸ್‌ನಲ್ಲಿ 10 ಕಿಲೋಮೀಟರ್ ಲಿಂಕ್‌ಗೆ ನಟ್ಟನಡುವೆ ಫ್ರೆನೆಲ್ ವಲಯ, ಅಂದರೆ ನೇರ ಗೆರೆಯ ಸುತ್ತ ಸಿಗ್ನಲ್ ಹಾಯುವ ಜಾಗ, ಗೆರೆಯಿಂದ ಎಲ್ಲ ಕಡೆಗೂ ಸುಮಾರು 11 ಮೀಟರ್ ಹರಡಿರುತ್ತದೆ. ಅದರಲ್ಲಿ ಕನಿಷ್ಠ 60 ಪರ್ಸೆಂಟ್, ಅಂದರೆ ಸುಮಾರು 7 ಮೀಟರ್, ಗೆರೆಯ ಸುತ್ತ ಖಾಲಿ ಇರಬೇಕು. ಮೇಲಾಗಿ ನೀರು ಸಿಗ್ನಲನ್ನು ಕನ್ನಡಿಯ ಹಾಗೆ ಎಸೆಯುತ್ತದೆ. ಎಸೆದದ್ದು ನೇರ ಬಂದದ್ದನ್ನು ಒಮ್ಮೆ ಬಲಗೊಳಿಸುತ್ತದೆ, ಒಮ್ಮೆ ಕೊಲ್ಲುತ್ತದೆ. ಮೇ ತಿಂಗಳಲ್ಲಿ ನೀರು ಇಳಿದಾಗ ಒಂದು ಲೆಕ್ಕ, ಆಗಸ್ಟಿನಲ್ಲಿ ಡ್ಯಾಮ್ ತುಂಬಿದಾಗ ಇನ್ನೊಂದು. ಆ ಕಡೆಯ ಆಂಟೆನಾವನ್ನು ಟಾಕಿಯ ತುದಿಯಿಂದ ಇಳಿಸಿ, ನೀರಿನಿಂದ ಚಿಮ್ಮುವ ಸಿಗ್ನಲ್‌ಗೆ ದಡದ ದಿಬ್ಬ ಅಡ್ಡ ಬರುವ ಹಾಗೆ ಕೂರಿಸಿದೆವು. ಎರಡೂ ಕಡೆ ಒಬ್ಬೊಬ್ಬರು ಫೋನ್ ಹಿಡಿದು, ಸಿಗ್ನಲ್ ಬಲದ ಅಂಕಿ ನೋಡಿ (ಮೈನಸ್ ಕಡಿಮೆಯಾದಷ್ಟೂ ಬಲ ಜಾಸ್ತಿ), "ಮೈನಸ್ ಎಪ್ಪತ್ತೊಂದು... ಸ್ವಲ್ಪ ಎಡಕ್ಕೆ... ಅರವತ್ತೆಂಟು... ಬಿಗಿ ಮಾಡು" ಅಂತ ಕೂಗುತ್ತಾ, ಅರವತ್ತರ ಹತ್ತಿರ ಬಂದ ಮೇಲೆ ನಟ್ಟು ಬಿಗಿದೆವು.

ಸರ್ವೆಯನ್ನು ಬೇಸಿಗೆಯಲ್ಲಿ ಮಾಡಿ ಅದನ್ನೇ ನಂಬಬೇಡ. ಈ ಗುಡ್ಡಗಳ ಸಾಗವಾನಿ ಏಪ್ರಿಲ್‌ನಲ್ಲಿ ಬೋಳು. ಜುಲೈನಲ್ಲಿ ಅಗಲ ಎಲೆ ತುಂಬಿ, ಆ ಎಲೆ ತೊಯ್ದು ನಿಂತಿರುತ್ತದೆ. 5 ಗಿಗಾಹರ್ಟ್ಸ್‌ಗೆ ಮಳೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ, ತೊಯ್ದ ಎಲೆ ಕೊಡುತ್ತದೆ. ಇನ್ನೊಂದು ತೊಂದರೆ ಕನೆಕ್ಟರ್‌ಗೆ ಇಳಿಯುವ ನೀರು. ಕೇಬಲ್ ಪೆಟ್ಟಿಗೆಗೆ ಹೋಗುವ ಮುಂಚೆ ಕೆಳಗೆ ಒಂದು ಬಾಗು ಕೊಡು, ನೀರು ಅಲ್ಲೇ ತೊಟ್ಟಿಕ್ಕಿ ಹೋಗಲಿ. ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತು. ಅರ್ಥಿಂಗ್‌ನಲ್ಲಿ ಕಂಜೂಸಿತನ ಬೇಡ. ಸಹ್ಯಾದ್ರಿಯಲ್ಲಿ ಮುಂಗಾರಿಗೆ ಮುಂಚಿನ ಸಿಡಿಲು ಒಂದು ಸಂಜೆಯಲ್ಲಿ ನಾಲ್ಕು ರೇಡಿಯೊ ಸುಟ್ಟುಬಿಡುತ್ತದೆ.

ಮರಾಠಿ ಬೇಕು ಅಂದೆನಲ್ಲ, ಅದು ಬೇಕಾಗುವುದು ಪಂಚಾಯಿತಿಯಲ್ಲಿ. ಟಾಕಿಯ ಮೇಲೆ ಕಂಬ ನಿಲ್ಲಿಸಲು ಗ್ರಾಮಪಂಚಾಯಿತಿಯ ಠರಾವು ಬೇಕು. ಸರಪಂಚರು ಬಾಯಿಮಾತಿನಲ್ಲಿ ಹೂಂ ಅಂದರೆ ಸಾಲದು, ಚುನಾವಣೆ ಆದ ಮೇಲೆ ಹೊಸಬರು ಬಂದು ಇಳಿಸಿ ಅನ್ನುತ್ತಾರೆ. ಖಾಸಗಿ ಜಮೀನಾದರೆ ತಲಾಠಿಯ ಹತ್ತಿರ ಸಾತ್‌ಬಾರಾ ಉತಾರೆ ತೆಗೆಸಿ, ಅದರಲ್ಲಿರುವ ಎಲ್ಲ ಅಣ್ಣತಮ್ಮಂದಿರ ಸಹಿ ತಗೋ. ನಮ್ಮ ಪಹಣಿಯ ಹಾಗೇ ಒಂದೇ ಗುಂಟೆಗೆ ಎಂಟು ಹೆಸರು ಇರುತ್ತವೆ. ಶಾಲೆಗೆ, ಪಂಚಾಯಿತಿಗೆ ಮೊದಲ ಕನೆಕ್ಷನ್ ಕೊಡು. ಊರಿನವನೇ ಒಬ್ಬ ಹುಡುಗನಿಗೆ ರೌಟರ್ ರೀಸೆಟ್ ಮಾಡೋದು, ಬ್ಯಾಟರಿ ನೋಡೋದು ಕಲಿಸಿ ತಿಂಗಳಿಗಿಷ್ಟು ಅಂತ ಕೊಡು. ಕರೆಂಟು ಹೋಗಿ ಎರಡು ದಿನ ಬಾರದಿದ್ದಾಗ ಪುಣೆಯಿಂದ ಓಡುವವರು ಯಾರು? ಪಾಲಘರ್‌ನಲ್ಲಿಯೂ ಐಐಟಿಯವರು ಪಂಚಾಯಿತಿಯನ್ನೇ ಪಾಲುದಾರ ಮಾಡಿಕೊಂಡು ಹೋಗಿದ್ದರು. ಅದು ಸರಿಯಾದ ದಾರಿ ಅಂತ ನಾನು ಪ್ರತಿ ಹಳ್ಳಿಯಲ್ಲೂ ನೋಡುತ್ತಿದ್ದೇನೆ.

ಕೊನೆಯ ಪ್ರಶ್ನೆ, ಊರಿಗೆ ವಾಪಸ್ ಹೋಗಿ ಮಾಡಬಹುದಾ. ಖಂಡಿತ ಮಾಡಬಹುದು, ಮಾಡು ಅಂತಲೇ ನಾನು ಹೇಳುತ್ತೇನೆ. 5 ಗಿಗಾಹರ್ಟ್ಸ್ ನಿಯಮ ಇಲ್ಲಿಗೂ ಅಲ್ಲಿಗೂ ಒಂದೇ. ಗದಗದ ಬಯಲಿನಲ್ಲಿ ಇಲ್ಲಿಯ ಗುಡ್ಡದ ಕಾಟ ಇಲ್ಲ, ಕಪ್ಪತಗುಡ್ಡದ ಆಸುಪಾಸು ಬಿಟ್ಟರೆ ದೂರದವರೆಗೂ ಕಣ್ಣು ಹಾಯುತ್ತದೆ. ಕಡಿಮೆ ಎತ್ತರದ ಕಂಬದಲ್ಲೇ ಕೆಲಸ ಆಗುತ್ತದೆ. ಸಿ ವರ್ಗದ ಪರವಾನಗಿಯಿಂದ ಶುರು ಮಾಡು. ಹಳ್ಳಿಗಳಿಗೆ ಹಂಚಲು ಬ್ಯಾಂಡ್‌ವಿಡ್ತ್ (ಮೂಲ ಇಂಟರ್ನೆಟ್) ಎಲ್ಲಿಂದ ತರುತ್ತೀಯ ಅನ್ನುವುದನ್ನು ಎಲ್ಲದಕ್ಕಿಂತ ಮೊದಲು ಪಕ್ಕಾ ಮಾಡಿಕೋ. ನಿನ್ನ ತಾಲ್ಲೂಕಿನ ಯಾವ ಪಂಚಾಯಿತಿಗೆ ಭಾರತ್‌ನೆಟ್ ಫೈಬರ್ ಬಂದಿದೆ, ಬಂದದ್ದರಲ್ಲಿ ಯಾವುದು ನಿಜವಾಗಿ ದೀಪ ಹತ್ತಿ ನಡೆಯುತ್ತಿದೆ, ರಸ್ತೆ ಅಗೆಯುವಾಗ ಜೆಸಿಬಿ ಎಲ್ಲಿ ಕತ್ತರಿಸಿದೆ, ಇದನ್ನು ಪುಣೆಗೆ ಹೊರಡುವ ಮುಂಚೆ ಒಂದೊಂದೇ ಪಂಚಾಯಿತಿಗೆ ಹೋಗಿ, ಪಿಡಿಒ ಹತ್ತಿರ ಕೇಳಿ ಬರೆದುಕೊಂಡು ಬಾ. ಆ ಪಟ್ಟಿಯನ್ನು ನಕ್ಷೆಯ ಮೇಲಿಟ್ಟು, ಯಾವ ಟಾಕಿಯಿಂದ ಯಾವ ಟಾಕಿಗೆ ಲಿಂಕ್ ಆಗುತ್ತದೆ ಅಂತ ಇಬ್ಬರೂ ಕೂತು ನೋಡೋಣ. ಭಾನುವಾರ ನನಗೆ ರಜೆ.